ಗಂಟಲು ನೋವಿಗೆ ಲಸಿಕೆ ಉಂಟೇ?

(ನಮ್ಮ ಕನ್ನಡ ವೇಳೆಯಲ್ಲಿ ಬಿತ್ತರವಾದ ಆರೋಗ್ಯ ಭಾಷಣದ ಪಠ್ಯ)



ಮಗುವಿಗೆ ವರ್ಷಕ್ಕೆ ಐದಾರು ಸಲ ಗಂಟಲು ನೋವು, ಜ್ವರ. ಪ್ರತಿ ಸಲವೂ ಮಾತ್ರೆ, ಪ್ರತಿ ಸಲವೂ ಶಾಲೆಗೆ ರಜೆ, ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಆಫೀಸಿಗೆ ರಜೆ. ಕೊನೆಗೊಂದು ದಿನ ತಾಯಿ ಕೇಳುತ್ತಾರೆ: "ಡಾಕ್ಟರೇ, ಪೋಲಿಯೋಗೆ ಲಸಿಕೆ ಇದೆ, ದಡಾರಕ್ಕೆ ಇದೆ. ಈ ಗಂಟಲಿಗೆ ಒಂದು ಲಸಿಕೆ ಇಲ್ಲವೇ?" ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಮರೆಯಲಾಗದ ಹಾಗೆ ಕೇಳಿದವರು ಭೀಮುನಿಪಟ್ಟಣದ ಒಬ್ಬ ಅಜ್ಜಿ.

ಭೀಮುನಿಪಟ್ಟಣ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ವಿಶಾಖಪಟ್ಟಣದಿಂದ ಕಡಲ ದಂಡೆಯ ರಸ್ತೆಯಲ್ಲಿ ಉತ್ತರಕ್ಕೆ ಸುಮಾರು 25 ಕಿಲೋಮೀಟರ್. ಗೋಸ್ತನಿ ನದಿ ಸಮುದ್ರ ಸೇರುವ ಜಾಗ. ಡಚ್ಚರ ಹಳೆಯ ಗೋರಿಗಳಿವೆ, ದೀಪಸ್ತಂಭವಿದೆ. 1861ರಲ್ಲೇ ಪುರಸಭೆಯಾದ ಊರು. ಅಲ್ಲಿಯವರು ಭೀಮಿಲಿ ಎನ್ನುತ್ತಾರೆ. ಪ್ರವಾಸಿಗಳು ನೋಡುವುದು ಇಷ್ಟನ್ನು. ಅದರ ಪಕ್ಕದಲ್ಲೇ ಮೀನುಗಾರರ ಓಣಿಗಳಿವೆ. ಒಂದು ಕೋಣೆಯಲ್ಲಿ ಆರೇಳು ಮಂದಿ ಮಲಗುವ ಮನೆಗಳು. ನಾನು ಬಳ್ಳಾರಿ ಕಡೆಯವನಾದ್ದರಿಂದ ತೆಲುಗು ಕಷ್ಟವಾಗಲಿಲ್ಲ. ವಿಶಾಖಪಟ್ಟಣದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಈ ಓಣಿಗಳಿಂದ ಬರುವ ಮಕ್ಕಳು ನನಗೆ ಚೆನ್ನಾಗಿ ಪರಿಚಯವಾದರು.

2019ರ ಡಿಸೆಂಬರ್. ಆ ಅಜ್ಜಿ ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ದೊಡ್ಡವಳಿಗೆ 17 ವರ್ಷ, ಚಿಕ್ಕವಳಿಗೆ 9. ಗಂಟಲು ನೋವು ಚಿಕ್ಕವಳಿಗೆ, ಆ ವರ್ಷದಲ್ಲಿ ಅದು ಐದನೇ ಸಲ. ಬಾಯಿ ತೆರೆಸಿ ಟಾರ್ಚು ಹಾಕಿದರೆ ಎರಡೂ ಟಾನ್ಸಿಲ್ ಕೆಂಪಗೆ ಉಬ್ಬಿ, ಮೇಲೆ ಬಿಳಿ ಚುಕ್ಕೆಗಳು. ನಾನು ಚೀಟಿ ಬರೆಯಲು ಪೆನ್ನು ತೆಗೆದಾಗ ಅಜ್ಜಿ ತಡೆದರು. ದೊಡ್ಡವಳ ದಾವಣಿಯನ್ನು ತುಸು ಸರಿಸಿ ಎದೆಯ ನಡುವಿನ ಉದ್ದನೆಯ ಗಾಯದ ಗುರುತಿನ ಮೇಲ್ತುದಿಯನ್ನು ತೋರಿಸಿದರು. "ದೀನಿಕಿ ಟೀಕಾ ಲೇದಾ ಬಾಬು?" ಇದಕ್ಕೆ ಲಸಿಕೆ ಇಲ್ಲವೇನಪ್ಪ? ದೊಡ್ಡವಳಿಗೆ ಆದದ್ದು ಚಿಕ್ಕವಳಿಗೂ ಆಗದಿರಲಿ ಎನ್ನುವುದು ಅವರ ಮಾತಿನ ಒಳಗಿದ್ದ ಮಾತು.

ಆ ಗುರುತು ಹೃದಯದ ಕವಾಟ ಬದಲಾಯಿಸಿದ ಶಸ್ತ್ರಚಿಕಿತ್ಸೆಯದು. ಗಂಟಲು ನೋವಿಗೂ ಹೃದಯದ ಕವಾಟಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು. ಮೂಗು ಸೋರುತ್ತದೆ, ಕೆಮ್ಮು ಇರುತ್ತದೆ, ದನಿ ಒಡೆಯುತ್ತದೆ, ನಾಲ್ಕೈದು ದಿನದಲ್ಲಿ ತಾನಾಗಿ ಹೋಗುತ್ತದೆ. ಇವಕ್ಕೆ ಆ್ಯಂಟಿಬಯಾಟಿಕ್ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಉಳಿದವುಗಳಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಎ ಗುಂಪು. ಮಕ್ಕಳ ಗಂಟಲು ನೋವಿನಲ್ಲಿ ಸುಮಾರು ನಾಲ್ಕರಲ್ಲಿ ಒಂದು ಇದರದ್ದು. ದೊಡ್ಡವರಲ್ಲಿ ಇನ್ನೂ ಕಡಿಮೆ. ಇದು ಬಂದಾಗ ಜ್ವರ ಏಕಾಏಕಿ ಏರುತ್ತದೆ, ನುಂಗುವುದಕ್ಕೆ ಆಗುವುದಿಲ್ಲ, ದವಡೆಯ ಕೆಳಗೆ ಗಡ್ಡೆಗಳು ಮುಟ್ಟಿದರೆ ನೋಯುತ್ತವೆ, ಟಾನ್ಸಿಲ್ ಮೇಲೆ ಕೀವಿನ ಬಿಳಿ ಚುಕ್ಕೆಗಳು ಕಾಣುತ್ತವೆ. ಕೆಮ್ಮು ಮಾತ್ರ ಇರುವುದಿಲ್ಲ. ಕೆಮ್ಮು ಇಲ್ಲ ಎನ್ನುವುದೇ ವೈದ್ಯನಿಗೆ ಒಂದು ಸುಳಿವು.

ಇದೂ ಒಂದು ವಾರದಲ್ಲಿ ಇಳಿದುಹೋಗುತ್ತದೆ. ಮನೆಯವರು ಮರೆತೂಬಿಡುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ ಕೆಲವೇ ಕೆಲವು ಮಕ್ಕಳಲ್ಲಿ, ಹೆಚ್ಚಾಗಿ 5ರಿಂದ 15 ವರ್ಷದವರಲ್ಲಿ, ಮತ್ತೆ ಜ್ವರ ಬರುತ್ತದೆ. ಮೊಣಕಾಲು ಊದುತ್ತದೆ, ಅದು ಇಳಿದು ಪಾದದ ಗಿಣ್ಣು ಊದುತ್ತದೆ, ಆಮೇಲೆ ಮೊಣಕೈ. ಇದು ರುಮ್ಯಾಟಿಕ್ ಜ್ವರ, ಕೀಲುವಾತ ಜ್ವರ. ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂದು ನಮ್ಮ ವೈದ್ಯರಲ್ಲಿ ಹಳೆಯ ಮಾತೊಂದಿದೆ. ಕೀಲಿನ ಊತ ಗುರುತೂ ಇಲ್ಲದೆ ಮಾಯವಾಗುತ್ತದೆ. ಹೃದಯದ ಕವಾಟದಲ್ಲಿ ಮಾತ್ರ ಗಾಯ ಉಳಿಯುತ್ತದೆ. ಪ್ರತಿ ಸಲ ಜ್ವರ ಮರುಕಳಿಸಿದಾಗಲೂ ಕವಾಟ ಇನ್ನಷ್ಟು ದಪ್ಪವಾಗುತ್ತದೆ, ಅಂಟಿಕೊಳ್ಳುತ್ತದೆ, ಸೋರುತ್ತದೆ. ಪ್ರಪಂಚದಲ್ಲಿ 4 ಕೋಟಿಗೂ ಹೆಚ್ಚು ಜನ ಈ ಹೃದ್ರೋಗದೊಂದಿಗೆ ಬದುಕುತ್ತಿದ್ದಾರೆ. ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಇಕ್ಕಟ್ಟಿನ ಮನೆಗಳ ಕಾಯಿಲೆ ಇದು. ಯುರೋಪು, ಅಮೆರಿಕಗಳಲ್ಲಿ ಪೆನಿಸಿಲಿನ್ ಬರುವುದಕ್ಕೂ ಮೊದಲೇ, ಮನೆಗಳು ವಿಶಾಲವಾದಂತೆ ಇದು ತಗ್ಗತೊಡಗಿತ್ತು. ಮಹಾನಗರದ ಚಾಳು, ಜೋಪಡಿ, ವಠಾರಗಳಲ್ಲಿ ಇರುವ ನಮ್ಮವರಿಗೂ ಇದು ದೂರದ ಸಂಗತಿಯಲ್ಲ.

ಸರಿ, ಅಜ್ಜಿಯ ಪ್ರಶ್ನೆಗೆ ಬರೋಣ. ಲಸಿಕೆ ಇದೆಯೇ? ಇಲ್ಲ. ಈ ಸ್ಟ್ರೆಪ್ಟೊಕಾಕಸ್‌ಗೆ ಅಂಗೀಕಾರ ಪಡೆದ ಲಸಿಕೆ ಜಗತ್ತಿನ ಯಾವ ದೇಶದಲ್ಲೂ ಇಂದಿಗೂ ಇಲ್ಲ.

ಯಾರೂ ಪ್ರಯತ್ನ ಮಾಡಲಿಲ್ಲ ಎಂದಲ್ಲ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿ 1920ರ ದಶಕದಿಂದ ಜೀವಮಾನವಿಡೀ ಈ ಒಂದು ರೋಗಾಣುವಿನ ಬೆನ್ನು ಹತ್ತಿದ್ದರು. ಈ ಬ್ಯಾಕ್ಟೀರಿಯಾದ ಮೈಮೇಲೆ ಎಂ ಪ್ರೋಟೀನ್ ಎಂಬ ಕೂದಲಿನಂಥ ಎಳೆಗಳಿವೆ ಎಂದೂ, ನಮ್ಮ ದೇಹದ ರೋಗನಿರೋಧಕ ಶಕ್ತಿ ಗುರುತು ಹಿಡಿಯುವುದು ಅದನ್ನೇ ಎಂದೂ ತಿಳಿದದ್ದು ಅವರ ಕೆಲಸದಿಂದ. ಹಾಗಾದರೆ ಆ ಎಳೆಯನ್ನೇ ಲಸಿಕೆ ಮಾಡಿದರಾಯಿತಲ್ಲ? ಅಲ್ಲೇ ಎರಡು ತೊಡಕು. ಒಂದು, ಈ ಪ್ರೋಟೀನು 200ಕ್ಕೂ ಹೆಚ್ಚು ಬಗೆಯಲ್ಲಿದೆ. ಒಂದಕ್ಕೆ ಸಿಕ್ಕ ರಕ್ಷಣೆ ಮತ್ತೊಂದಕ್ಕೆ ಸಾಲದು. ಒಂದೇ ಮಗುವಿಗೆ ಮತ್ತೆ ಮತ್ತೆ ಗಂಟಲು ಕೆಡುವುದಕ್ಕೆ ಇದೂ ಒಂದು ಕಾರಣ. ಶ್ರೀಮಂತ ದೇಶಗಳಲ್ಲಿ ಕೆಲವೇ ಬಗೆಗಳು ಹೆಚ್ಚು ಓಡಾಡುತ್ತವೆ. ನಮ್ಮಲ್ಲಿ ಹತ್ತಾರು ಬಗೆಗಳು ಒಟ್ಟಿಗೇ ಇರುತ್ತವೆ. ಅವರ ಊರಿನ ಪಟ್ಟಿ ನೋಡಿ ಮಾಡಿದ ಲಸಿಕೆ ಭೀಮಿಲಿಯ ಓಣಿಗೆ ಎಷ್ಟು ಹೊಂದುತ್ತದೆ?

ಎರಡನೆಯ ತೊಡಕು ಇನ್ನೂ ಗಂಭೀರ. ಈ ಎಂ ಪ್ರೋಟೀನಿನ ಕೆಲವು ಭಾಗಗಳು ನಮ್ಮ ಹೃದಯದ ಪ್ರೋಟೀನನ್ನು ಹೋಲುತ್ತವೆ. ದೇಹದ ಕಾವಲುಗಾರ ಕಳ್ಳನನ್ನು ಹೊಡೆಯಲು ಹೋಗಿ, ಅವನ ಮುಖವೇ ಇರುವ ಮನೆಯವನನ್ನೂ ಹೊಡೆಯುತ್ತಾನೆ. ರುಮ್ಯಾಟಿಕ್ ಜ್ವರ ಬರುವುದೇ ಹೀಗೆ. ಹಾಗಿರುವಾಗ ಲಸಿಕೆಯೇ ಆ ಕಾವಲುಗಾರನನ್ನು ಕೆರಳಿಸಿದರೆ?

ಕೆರಳಿಸಿತು ಎನ್ನುವ ಅನುಮಾನ ಬಂದದ್ದು 1960ರ ದಶಕದಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ. ಅಲ್ಲಿ 21 ಮಕ್ಕಳಿಗೆ ಎಂ ಪ್ರೋಟೀನಿನ ಲಸಿಕೆಯನ್ನು ವಾರ ವಾರವೂ ಕೊಟ್ಟರು. ಆ ಮಕ್ಕಳು ಯಾರು ಗೊತ್ತೇ? ರುಮ್ಯಾಟಿಕ್ ಜ್ವರ ಬಂದವರ ತಮ್ಮಂದಿರು, ತಂಗಿಯರು, ಒಡಹುಟ್ಟಿದವರು. ಒಂದೇ ಮನೆಯ ರಕ್ತದಲ್ಲಿ ಈ ಕಾಯಿಲೆಗೆ ಒಲವು ಇರುತ್ತದೆ. ಅವರಿಗೇ ರಕ್ಷಣೆ ಮೊದಲು ಬೇಕು ಎನ್ನುವ ಒಳ್ಳೆಯ ಉದ್ದೇಶವೇ ಇತ್ತು. ಆದರೆ 21ರಲ್ಲಿ 3 ಮಕ್ಕಳಿಗೆ ಆಮೇಲೆ ರುಮ್ಯಾಟಿಕ್ ಜ್ವರ ಬಂತು. ಇಬ್ಬರಿಗೆ ಖಚಿತವಾಗಿ, ಒಬ್ಬರಿಗೆ ಬಹುಮಟ್ಟಿಗೆ. 1969ರಲ್ಲಿ ಇದು ಪ್ರಕಟವಾಯಿತು. ತೆಲುಗಿನಲ್ಲಿ ಒಂದು ಗಾದೆಯಿದೆ: "ಕೊಂಡನಾಲುಕಕು ಮಂದು ವೇಸ್ತೇ ಉನ್ನ ನಾಲುಕ ಊಡಿಂದಿ." ಕೊಂಡನಾಲುಕ ಎಂದರೆ ನಮ್ಮ ಕಿರುನಾಲಗೆ. ಕಿರುನಾಲಗೆಗೆಂದು ಮದ್ದು ಹಾಕಿದರೆ ಇದ್ದ ನಾಲಗೆಯೇ ಉದುರಿತಂತೆ. ಗಂಟಲ ಲಸಿಕೆಯ ಈ ಕಥೆಗೆ ಇದಕ್ಕಿಂತ ಒಪ್ಪುವ ಗಾದೆ ನನಗೆ ಬೇರೆ ಸಿಕ್ಕಿಲ್ಲ.

ಲಸಿಕೆಯೇ ಕಾರಣ ಎಂದು ಸಂಶಯವಿಲ್ಲದೆ ಸಾಬೀತಾಗಲಿಲ್ಲ, ಅದನ್ನೂ ಹೇಳಬೇಕು. ಆದರೂ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1979ರಲ್ಲಿ ಈ ರೋಗಾಣುವಿನ ಅಂಶವನ್ನು ಲಸಿಕೆಗಳಲ್ಲಿ ಬಳಸಲೇಬಾರದೆಂದು ನಿಯಮ ಮಾಡಿತು. ಆ ನಿಯಮ ತೆರವಾಗುವ ಹೊತ್ತಿಗೆ 2006 ಬಂದಿತ್ತು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಸಂಶೋಧನೆ ಮುಗ್ಗರಿಸಿತು. ನಿಯಮದ ಭಯ ಒಂದು ಕಾರಣ. ಇದು ಬಡವರ ಕಾಯಿಲೆ, ಮಾರುಕಟ್ಟೆ ಇಲ್ಲ ಎನ್ನುವ ಕಂಪನಿಗಳ ಲೆಕ್ಕಾಚಾರ ಇನ್ನೊಂದು ಕಾರಣ. ನನ್ನನ್ನು ಕೇಳಿದರೆ ಎರಡನೆಯದೇ ದೊಡ್ಡದು.

ಈಗ ಗಾಳಿ ಸ್ವಲ್ಪ ಬದಲಾಗಿದೆ. 2018ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ರುಮ್ಯಾಟಿಕ್ ಹೃದ್ರೋಗದ ಬಗ್ಗೆ ನಿರ್ಣಯ ಕೈಗೊಂಡಿತು. ಹೃದಯವನ್ನು ಹೋಲುವ ಭಾಗಗಳನ್ನು ಬಿಟ್ಟು, ನಿರಪಾಯದ ತುಣುಕುಗಳನ್ನು ಮಾತ್ರ ಆರಿಸಿ ಮಾಡಿದ ಲಸಿಕೆಗಳು ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಮಾನವ ಪರೀಕ್ಷೆಯ ಆರಂಭದ ಹಂತಕ್ಕೆ ಬಂದಿವೆ. ಮೆಲ್ಬರ್ನ್‌ನಲ್ಲಿ ಆರೋಗ್ಯವಂತ ಸ್ವಯಂಸೇವಕರು ತಮ್ಮ ಗಂಟಲಿಗೆ ಈ ರೋಗಾಣುವನ್ನು ಸವರಿಸಿಕೊಂಡು, ಕಾಯಿಲೆ ಬರಿಸಿಕೊಂಡು, ಔಷಧಿ ತೆಗೆದುಕೊಂಡು ಗುಣವಾಗಿದ್ದಾರೆ. ಮುಂದೆ ಲಸಿಕೆಯನ್ನು ಬೇಗ ಪರೀಕ್ಷಿಸುವುದಕ್ಕೆ ಇದು ದಾರಿ. ಅವರಿಗೊಂದು ನಮಸ್ಕಾರ ಹೇಳಬೇಕು.

ನಮ್ಮ ಮಕ್ಕಳಿಗೆ ಈಗ ಹಾಕಿಸುವ ಲಸಿಕೆಗಳಲ್ಲಿ ಯಾವುದೂ ಗಂಟಲಿಗೆ ಸಂಬಂಧಿಸಿದ್ದಲ್ಲವೇ? ಇದೆ. ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರುಗಟ್ಟಿಸುವ, ವಿಷದಿಂದ ಹೃದಯವನ್ನು ಕೆಡಿಸುವ ಕಾಯಿಲೆ. ಹಳೆಯ ಕಾಲದ್ದು ಎಂದು ತಿಳಿಯಬೇಡಿ. 2018ರ ಸೆಪ್ಟೆಂಬರಿನಲ್ಲಿ ದೆಹಲಿಯ ಒಂದು ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು ಇದರಿಂದ ಸತ್ತರು. 6, 10, 14 ವಾರಗಳಲ್ಲಿ ಮೂರು ಚುಚ್ಚುಮದ್ದು ಹಾಕಿಸಿ ಎಲ್ಲರೂ ನಿಶ್ಚಿಂತರಾಗುತ್ತಾರೆ. ಒಂದೂವರೆ ವರ್ಷದ ಸುಮಾರಿನ ಬೂಸ್ಟರು, 5-6 ವರ್ಷದ್ದು, ಆಮೇಲೆ 10 ಮತ್ತು 16ನೇ ವರ್ಷದ ಟಿಡಿ, ಇವು ಬಿಟ್ಟುಹೋಗುತ್ತವೆ. ಮಗಳ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಮೊದಲ ಮೂರು ಚುಚ್ಚುಮದ್ದಿನಲ್ಲಿ ಹಿಬ್ ಎಂಬ ರೋಗಾಣುವಿನ ಲಸಿಕೆಯೂ ಸೇರಿರುತ್ತದೆ. ಅದು ಗಂಟಲ ಬಾಗಿಲು ಊದಿ ಉಸಿರು ಕಟ್ಟುವ ಇನ್ನೊಂದು ಕಾಯಿಲೆಯನ್ನು ತಡೆಯುತ್ತದೆ. ನ್ಯೂಮೊಕಾಕಸ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಅದು ನ್ಯುಮೋನಿಯಾಕ್ಕೆ, ಮಿದುಳಿನ ಪೊರೆಯ ಜ್ವರಕ್ಕೆ. ಹೆಸರು ಹತ್ತಿರವಿದೆ ಎಂದು ಗಂಟಲು ನೋವಿಗೂ ಅದೇ ಸಾಕು ಎಂದುಕೊಳ್ಳುವವರಿದ್ದಾರೆ. ಸಾಲದು.

ಸತ್ತ ಬ್ಯಾಕ್ಟೀರಿಯಾಗಳ ಸಾರದಿಂದ ಮಾಡಿದ ಕ್ಯಾಪ್ಸೂಲುಗಳೂ ಮಾರುಕಟ್ಟೆಯಲ್ಲಿವೆ, "ಬಾಯಿಯ ಲಸಿಕೆ" ಎಂದು ಹೇಳಿ ಕೊಡುತ್ತಾರೆ. ಪದೇ ಪದೇ ಶೀತ ಕೆಮ್ಮು ಬರುವ ಕೆಲವು ಮಕ್ಕಳಲ್ಲಿ ಅವು ಸ್ವಲ್ಪ ಪ್ರಯೋಜನ ಕೊಡಬಹುದು ಎನ್ನುವ ಅಧ್ಯಯನಗಳಿವೆ. ಆದರೆ ಅವು ರುಮ್ಯಾಟಿಕ್ ಜ್ವರವನ್ನು ತಡೆಯುವ ಲಸಿಕೆಯಲ್ಲ, ಪೆನಿಸಿಲಿನ್ನಿಗೆ ಬದಲಿಯೂ ಅಲ್ಲ.

ಪೆನಿಸಿಲಿನ್ ಎಂದೆನಲ್ಲ, ಈ ಕಾಯಿಲೆಯ ಮಟ್ಟಿಗೆ ನಮ್ಮ ಕೈಯಲ್ಲಿರುವುದು ಅದೊಂದೇ. 1950ರ ಸುಮಾರಿಗೆ ಅಮೆರಿಕದ ವಯೋಮಿಂಗ್ ರಾಜ್ಯದ ಒಂದು ಸೈನಿಕ ನೆಲೆಯಲ್ಲಿ ಗಂಟಲು ಕೆಟ್ಟ ಯುವ ಸೈನಿಕರಿಗೆ ಪೆನಿಸಿಲಿನ್ ಕೊಟ್ಟು ನೋಡಿದರು. ರುಮ್ಯಾಟಿಕ್ ಜ್ವರ ಬಹುಮಟ್ಟಿಗೆ ನಿಂತೇಹೋಯಿತು. ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಚಿಕಿತ್ಸೆ ಶುರುವಾದರೂ ಹೃದಯವನ್ನು ಉಳಿಸಬಹುದು ಎನ್ನುವುದು ಆ ಕಾಲದ ಅಧ್ಯಯನಗಳಿಂದ ತಿಳಿದದ್ದು. ಇಷ್ಟು ವರ್ಷ ಕಳೆದರೂ ಈ ರೋಗಾಣುವಿನ ಮೇಲೆ ಪೆನಿಸಿಲಿನ್ ಕೆಲಸ ಮಾಡುತ್ತಲೇ ಇದೆ. ಮೂರು ದಿನದ ದುಬಾರಿ ಮಾತ್ರೆಗಳಿಗೆ ಹಾಗಲ್ಲ, ಅವುಗಳಲ್ಲಿ ಕೆಲವಕ್ಕೆ ಇದು ಬಗ್ಗದ ಊರುಗಳಿವೆ. ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಆದರೆ ಪೂರ್ತಿ ಹತ್ತು ದಿನ. ಮೂರನೇ ದಿನಕ್ಕೆ ಜ್ವರ ಇಳಿಯುತ್ತದೆ, ಮಗು ಆಡಲು ಹೋಗುತ್ತದೆ, ಉಳಿದ ಮಾತ್ರೆ ಫ್ರಿಜ್ಜಿನ ಮೇಲೆ ಕೂರುತ್ತದೆ. ಎಲ್ಲರ ಮನೆಯಲ್ಲೂ ಆಗುವುದು ಇದೇ. ಹತ್ತು ದಿನ ನುಂಗಿಸುವುದು ಆಗದು ಎನ್ನುವವರಿಗೆ ಒಂದೇ ಒಂದು ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಸಾಕು.

ಅಕ್ಕನ ಕಥೆ ಹೇಳದೆ ಈ ಚುಚ್ಚುಮದ್ದಿನ ಮಾತು ಮುಗಿಯುವುದಿಲ್ಲ. ಅವಳಿಗೆ ಮೊದಲ ರುಮ್ಯಾಟಿಕ್ ಜ್ವರ ಬಂದದ್ದು 2012ರಲ್ಲಿ, ಹತ್ತು ವರ್ಷದವಳಿದ್ದಾಗ. ಒಮ್ಮೆ ಬಂದವರಿಗೆ ಮತ್ತೆ ಬರದಂತೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಕೊಡುತ್ತಲೇ ಇರಬೇಕು. ಜನ ಇದನ್ನು ಪೆನಿಡ್ಯೂರ್ ಸೂಜಿ ಎನ್ನುತ್ತಾರೆ. ಹೃದಯಕ್ಕೆ ತಗಲಿದ್ದರೆ ಹತ್ತು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ. ಸೊಂಟಕ್ಕೆ ಕೊಡುವ ಸೂಜಿ, ಬಹಳ ನೋವು, ಎರಡು ದಿನ ಕುಂಟಬೇಕು. ಹುಡುಗಿ ಎರಡು ವರ್ಷ ತಪ್ಪದೆ ಹಾಕಿಸಿಕೊಂಡಳು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಮರಗಳು ಬಿದ್ದು ರಸ್ತೆ ಮುಚ್ಚಿತು, ಅವರ ದೋಣಿ ಒಡೆಯಿತು, ಬಲೆ ಹೋಯಿತು. ಸೂಜಿಯ ದಿನ ಯಾರಿಗೆ ನೆನಪಿರುತ್ತದೆ? ಆಮೇಲೆ ಒಂದು ಕ್ಲಿನಿಕ್ಕಿಗೆ ಹೋದರೆ, ಅಲರ್ಜಿ ಆದರೆ ಯಾರು ಹೊಣೆ ಎಂದು ಸೂಜಿ ಹಾಕದೆ ಕಳಿಸಿದರಂತೆ. ಆ ಭಯ ಪೂರ್ತಿ ಸುಳ್ಳಲ್ಲ. ಅಪರೂಪಕ್ಕೆ ತೀವ್ರ ಅಲರ್ಜಿ ಆಗುತ್ತದೆ, ಅದಕ್ಕೆ ಬೇಕಾದ ಅಡ್ರಿನಾಲಿನ್ ಪಕ್ಕದಲ್ಲಿಟ್ಟುಕೊಂಡೇ ಕೊಡಬೇಕು. ಆದರೆ ಕೊಡದೆ ಇದ್ದರೆ ಏನಾಗುತ್ತದೆ ಎನ್ನುವುದನ್ನು ಆ ಹುಡುಗಿಯ ಹೃದಯ ತೋರಿಸಿತು. ಸೂಜಿ ನಿಂತೇಹೋಯಿತು. ಮರುವರ್ಷ ಜ್ವರ ಮರುಕಳಿಸಿತು. 2018ರಲ್ಲಿ ಮೈಟ್ರಲ್ ಕವಾಟ ತೆಗೆದು ಲೋಹದ ಕವಾಟ ಕೂರಿಸಬೇಕಾಯಿತು. ಖರ್ಚು ಸರ್ಕಾರದ್ದು. 2007ರಲ್ಲಿ ಆಂಧ್ರದಲ್ಲಿ ಆರೋಗ್ಯಶ್ರೀ ಎಂದು ಶುರುವಾದ ಯೋಜನೆ, ಸರ್ಕಾರ ಬದಲಾದಂತೆ ಹೆಸರು ಬದಲಾದರೂ, ಇಂಥ ಮನೆಗಳನ್ನು ಸಾಲದಿಂದ ಉಳಿಸಿದೆ. ಆದರೆ ಕವಾಟ ಹೊಸದಾದ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ, ಆಗಾಗ ರಕ್ತಪರೀಕ್ಷೆ, ಮುಂದೆ ಮದುವೆ, ಬಸಿರು ಎಂದರೆ ಬೇರೆಯೇ ಚಿಂತೆ. ಪೆನಿಸಿಲಿನ್ ಸೂಜಿಯೂ ಮುಂದುವರಿಯಬೇಕು.

ಈಗ ತಂಗಿ. ಗಂಟಲಿನ ಸ್ವಾಬ್ ತೆಗೆದು ಪರೀಕ್ಷೆಗೆ ಕಳಿಸಿದೆವು, ಸ್ಟ್ರೆಪ್ಟೊಕಾಕಸ್ ಬೆಳೆಯಿತು. ಎಕೋ ಮಾಡಿಸಿದೆವು, ಹೃದಯ ಚೆನ್ನಾಗಿತ್ತು. ಅವಳಿಗೆ ರುಮ್ಯಾಟಿಕ್ ಜ್ವರ ಬಂದಿರಲಿಲ್ಲವಾದ್ದರಿಂದ ಮೂರು ವಾರದ ಸೂಜಿ ಅವಳಿಗೆ ಬೇಕಿಲ್ಲ. ಅಜ್ಜಿ ಕೈಯಲ್ಲೊಂದು ಲ್ಯಾಬ್ ವರದಿ ಹಿಡಿದಿದ್ದರು, ಎಎಸ್‌ಒ ಪ್ರಮಾಣ ಹೆಚ್ಚು ಎಂದು. ಈ ಎಎಸ್‌ಒ ಬಗ್ಗೆ ಒಂದು ಮಾತು. ಅದು ಎಂದೋ ಈ ರೋಗಾಣು ಬಂದು ಹೋಗಿತ್ತು ಎಂದಷ್ಟೇ ಹೇಳುತ್ತದೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಅನೇಕರಿಗೆ ಅದು ಹೆಚ್ಚಿರುತ್ತದೆ. ಬರೀ ಆ ಅಂಕಿ ನೋಡಿ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ನಿಜವಾಗಿ ಬೇಕಾದ ಅಕ್ಕನಂಥವರಿಗೆ ಸೂಜಿ ಸಿಗದೆ ಹೋದದ್ದನ್ನೂ ನೋಡಿದ್ದೇನೆ.

ಟಾನ್ಸಿಲ್ ತೆಗೆಸಿಬಿಡೋಣವೇ ಎಂದೂ ಅಜ್ಜಿ ಕೇಳಿದರು. ಒಂದು ವರ್ಷದಲ್ಲಿ ಏಳು ಸಲ, ಅಥವಾ ಎರಡು ವರ್ಷ ಸತತ ಐದೈದು ಸಲ, ಅಥವಾ ಮೂರು ವರ್ಷ ಸತತ ಮೂರು ಮೂರು ಸಲ ಜೋರಾಗಿ ಗಂಟಲು ಕೆಟ್ಟರೆ ಆ ಯೋಚನೆ ಮಾಡಬಹುದು. ಟಾನ್ಸಿಲ್ ತೆಗೆದ ಮಾತ್ರಕ್ಕೆ ರುಮ್ಯಾಟಿಕ್ ಜ್ವರದ ಭಯ ಹೋಯಿತು ಎಂದಲ್ಲ. ನಾವು ತೆಗೆಸಲಿಲ್ಲ. ಅಜ್ಜಿಗೆ ಹೇಳಿಕೊಟ್ಟದ್ದು ಇಷ್ಟು: ಜ್ವರ ಇದ್ದು ಕೆಮ್ಮಿಲ್ಲದೆ ಗಂಟಲು ನೋಯುತ್ತದೆ ಎಂದರೆ ಎರಡು ದಿನದೊಳಗೆ ಆಸ್ಪತ್ರೆಗೆ. ಮಾತ್ರೆ ಕೊಟ್ಟರೆ ಹತ್ತು ದಿನ ಎಣಿಸಿ ನುಂಗಿಸುವುದು. ಗಂಟಲು ಹೋದ ಮೇಲೆ ಕೀಲು ಊದಿದರೆ, ಮಗು ಕೈಕಾಲು ವಿಚಿತ್ರವಾಗಿ ಕುಣಿಸಿದರೆ, ಏದುಸಿರು ಬಿಟ್ಟರೆ ಆ ದಿನವೇ ಕರೆತರುವುದು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ನನಗೆ ಮೊದಲು ನೆನಪಾದದ್ದು ಹುದ್‌ಹುದ್. ಬಸ್ಸಿಲ್ಲ, ಆಟೋ ಇಲ್ಲ, ಅಕ್ಕನ ಸೂಜಿಗೆ ದಿನ ಬಂದಿತ್ತು. ಫೋನ್ ಮಾಡಿದೆ. ಅಜ್ಜಿಯೇ ಎತ್ತಿದರು. ಗೋಡೆಯ ಕ್ಯಾಲೆಂಡರಿನಲ್ಲಿ 21 ದಿನಕ್ಕೊಂದು ಕೆಂಪು ಗುರುತು ಹಾಕಿಸಿಟ್ಟಿದ್ದಾರಂತೆ. ಊರಲ್ಲೇ ಇದ್ದ ಒಬ್ಬ ನರ್ಸಮ್ಮನನ್ನು ಹುಡುಕಿ, ಸರ್ಕಾರಿ ಆಸ್ಪತ್ರೆಯ ವೈದ್ಯರ ಎದುರಿಗೇ ಸೂಜಿ ಹಾಕಿಸಿ ಆಗಿತ್ತು. ನಾನು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ತಂಗಿಗೆ ಈಗ 15 ವರ್ಷ. ಟಾನ್ಸಿಲ್ ಇದ್ದಲ್ಲೇ ಇದೆ, ಗಂಟಲು ಕೆಡುವುದು ವರ್ಷಕ್ಕೆ ಒಂದು ಸಲಕ್ಕೆ ಇಳಿದಿದೆ, ಎಕೋ ಚೆನ್ನಾಗಿದೆ. ನಾನು ಆ ಕಡೆ ಹೋದಾಗ ಅಜ್ಜಿ ಈಗಲೂ ಕೇಳುತ್ತಾರೆ: "ಟೀಕಾ ವಚ್ಚಿಂದಾ ಬಾಬು?" ಲಸಿಕೆ ಬಂತೇನಪ್ಪ?

"ಇಂಕಾ ರಾಲೇದಮ್ಮಾ." ಇನ್ನೂ ಬಂದಿಲ್ಲಮ್ಮ ಎನ್ನುತ್ತೇನೆ. ಅವರು ಕ್ಯಾಲೆಂಡರ್ ಕಡೆ ನೋಡುತ್ತಾರೆ.